ಕಲಬುರಗಿ ಜಿಲ್ಲೆಯ ವಾಡಿ ಬಳಿ ಟ್ಯಾಂಕರ್ ರೈಲು ಹಳಿ ತಪ್ಪಿ ರಾಸಾಯನಿಕ ಸೋರಿದರೆ ಅಗ್ನಿಶಾಮಕದವರ ಖರ್ಚು ಯಾರದು?

ಸದ್ಯಕ್ಕೆ ರಾಜ್ಯದ್ದೇ. ಅಗ್ನಿಶಾಮಕ ಇಲಾಖೆ ರಾಜ್ಯ ಸರ್ಕಾರದ್ದು. ಸಂಬಳ, ಡೀಸೆಲ್, ಫೋಮ್ ಎಲ್ಲವೂ ಅದರ ಬಜೆಟ್‌ನಿಂದ. ರೈಲ್ವೆಯ ಅಪಘಾತ ಪರಿಹಾರ ರೈಲು ಬಂದು ಮುಟ್ಟುವ ತನಕ ಸುತ್ತಲಿನ ಅಗ್ನಿಶಾಮಕ ಠಾಣೆಯವರೇ ಮುಂದೆ ನಿಲ್ಲಬೇಕು. ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿ ಸಿಲಿಂಡರ್ ಅರ್ಧ-ಮುಕ್ಕಾಲು ತಾಸಿಗೆ ಖಾಲಿ. ಬದಲಿ ಸಿಲಿಂಡರ್ ಇಲ್ಲದಿದ್ದರೆ ಸೋರುವ ವಾಲ್ವ್ ಹತ್ತಿರ ಹೋಗುವುದು ಹೇಗೆ?

ರಾಜ್ಯ ವಿಪತ್ತು ಸ್ಪಂದನಾ ನಿಧಿಯಲ್ಲಿ (ಎಸ್‌ಡಿಆರ್‌ಎಫ್) ಕೇಂದ್ರದ ಪಾಲು ಶೇ 75. ಆದರೆ ಅದರ ವಿಪತ್ತುಗಳ ಪಟ್ಟಿಯಲ್ಲಿ ಬೆಂಕಿ ಇದೆ, ರಾಸಾಯನಿಕ ಸೋರಿಕೆ ಇಲ್ಲ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಅಪಾಯಕಾರಿ ವಸ್ತು ನಿರ್ವಹಿಸುವವರಿಂದ ವಿಮೆ ಮಾಡಿಸುತ್ತದೆ, ಜೊತೆಗೆ ಪರಿಸರ ಪರಿಹಾರ ನಿಧಿಗೂ ಹಣ ಕಟ್ಟಿಸುತ್ತದೆ. ಆ ಹಣ ಮುಖ್ಯವಾಗಿ ಸಂತ್ರಸ್ತರಿಗೆ. ಅದಕ್ಕಿಂತ ದೊಡ್ಡ ಕೊರತೆ ಎಂದರೆ, ಸಾಗಣೆ ವಾಹನ ಯಾವುದು ಎಂದು ಹೇಳುವಾಗ ಆ ಕಾಯ್ದೆ ರೈಲನ್ನೇ ಹೊರಗಿಟ್ಟಿದೆ.

ಇದು ಸರಿಯಲ್ಲ. ಸರಕು ಕಳಿಸುವವರಿಂದಲೇ ಶುಲ್ಕ ಪಡೆದು ಹಳಿ ಪಕ್ಕದ ಠಾಣೆಗಳಿಗೆ ಕೊಡಬೇಕು. 2023ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಈಸ್ಟ್ ಪ್ಯಾಲೆಸ್ಟೈನ್‌ನಲ್ಲಿ ವಿನೈಲ್ ಕ್ಲೋರೈಡ್ ಎಂಬ ವಿಷಕಾರಿ ರಾಸಾಯನಿಕ ಹೊತ್ತ ರೈಲು ಹಳಿ ತಪ್ಪಿದ ಮೇಲೆ ಅಲ್ಲಿ ಇಂಥದ್ದೇ ಮಸೂದೆ ಮಂಡಿಸಿದ್ದರು. ನಮ್ಮಲ್ಲಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಡಿಸಿಯವರೇ ಅಧ್ಯಕ್ಷರು. ಜಿಲ್ಲಾ ಯೋಜನೆಯಲ್ಲಿ ಇಂಥ ಅಪಘಾತದ ಸಿದ್ಧತೆಯನ್ನೂ ಸೇರಿಸಿ ಎಂದು ಅವರಿಗೆ ಮನವಿ ಕೊಡಬಹುದು.