ಊಟದ ಸಾಲಿನಲ್ಲಿ ಬೇರೆಯಾಗುವ ಮಕ್ಕಳು

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಎನ್ನೆಸ್ಸೆಸ್ ಅಧಿಕಾರಿ. ನಮ್ಮ ಏಳು ದಿನಗಳ ಶಿಬಿರದಲ್ಲಿ ಕನ್ನಡ, ಮರಾಠಿ, ಉರ್ದು ಮನೆಮಾತಿನ ವಿದ್ಯಾರ್ಥಿಗಳು ಜೊತೆಯಾಗಿ ಶ್ರಮದಾನ ಮಾಡಿದರೂ ಊಟಕ್ಕೆ ಕೂಡುವಾಗ ತಮ್ಮ ತಮ್ಮವರ ಬಳಿಗೇ ಸರಿಯುತ್ತಾರೆ. ಹಂಗೇರಿಯ ಯೆಹೂದಿ ಬೇಸಿಗೆ ಶಿಬಿರದಲ್ಲಿ ಹಲವು ದೇಶಗಳ ಮಕ್ಕಳು ಒಂದೇ ಬಳಗವಾಗುತ್ತಾರಂತೆ. ಅದು ಹೇಗೆ ಸಾಧ್ಯವಾಯಿತು?
– ಓದುಗರೊಬ್ಬರು, ಭಾಲ್ಕಿ, ಬೀದರ್ ಜಿಲ್ಲೆ

ಉತ್ತರ: ತಾವು ಕೇಳಿರುವುದು ಸರ್ವಶ್ ಪಟ್ಟಣದ ಶಿಬಿರದ ವಿಷಯವಿರಬೇಕು. 1914ರಲ್ಲಿ ಹುಟ್ಟಿದ ಯೆಹೂದಿ ಪರಿಹಾರ ಸಂಸ್ಥೆ ಜಾಯಿಂಟ್ ಡಿಸ್ಟ್ರಿಬ್ಯೂಷನ್ ಕಮಿಟಿ ಮತ್ತು ರೊನಾಲ್ಡ್ ಲಾಡರ್ ಪ್ರತಿಷ್ಠಾನ ಸೇರಿ 1990ರಲ್ಲಿ ಅದನ್ನು ಆರಂಭಿಸಿದವು. 20ಕ್ಕೂ ಹೆಚ್ಚು ದೇಶಗಳ ಮಕ್ಕಳು ಅಲ್ಲಿಗೆ ಬರುತ್ತಾರೆ.

ಆ ವರ್ಷಕ್ಕೆ ಅರ್ಥವಿದೆ: ಪೂರ್ವ ಯುರೋಪಿನಲ್ಲಿ ಕಮ್ಯುನಿಸ್ಟ್ ಆಡಳಿತ ಆಗಷ್ಟೇ ಕುಸಿದಿತ್ತು. ನಾತ್ಸಿಗಳ ನರಮೇಧದಿಂದ ಉಳಿದುಕೊಂಡು, ಮುಂದೆ ಕಮ್ಯುನಿಸ್ಟ್ ಆಡಳಿತದಲ್ಲಿ ಬಾಳಿದ ಪೂರ್ವ ಯುರೋಪಿನ ಅನೇಕ ಕುಟುಂಬಗಳು ತಾವು ಯೆಹೂದಿಗಳೆಂಬುದನ್ನು ಸ್ವಂತ ಮಕ್ಕಳಿಗೂ ಹೇಳದೆ ಬಚ್ಚಿಟ್ಟಿದ್ದವು. ಹೀಗಾಗಿ ಶುಕ್ರವಾರ ಸಂಜೆ ಯೆಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬಾತ್‌ನ ದೀಪ ಹೊತ್ತಿಸಿ ಹೀಬ್ರೂ ಪ್ರಾರ್ಥನೆ ಹೇಳುವುದನ್ನು ಎಷ್ಟೋ ಮಕ್ಕಳು ಶಿಬಿರದಲ್ಲಿಯೇ ಮೊದಲು ಕಲಿತು, ಊರಿಗೆ ಮರಳಿ ತಂದೆತಾಯಿಗಳಿಗೆ ಕಲಿಸಿದರು. ಪೋಲೆಂಡಿನ ಹುಡುಗಿಗೂ ಬಲ್ಗೇರಿಯದ ಹುಡುಗನಿಗೂ ಮಾತು ಬೇರೆಯಾದರೂ ಮನೆಯಲ್ಲಿ ಮುಚ್ಚಿಹೋಗಿದ್ದ ಸಂಗತಿ ಒಂದೇ ಆಗಿತ್ತು. ಅದನ್ನು ಕೂಡಿ ಹುಡುಕಿದ್ದೇ ಅವರನ್ನು ಬೆಸೆಯಿತೆಂದು ನಾನು ತಿಳಿಯುತ್ತೇನೆ. ಮನೆಮಾತನ್ನು ಬಿಡಿರೆಂದು ಅಲ್ಲಿ ಯಾರೂ ಒತ್ತಾಯಿಸುವುದಿಲ್ಲ. ಆಯಾ ದೇಶದಿಂದ ಬಂದ, ಅವರದೇ ಮಾತನಾಡುವ ಯುವ ಮಾರ್ಗದರ್ಶಕರು ಮಕ್ಕಳ ಜೊತೆಗಿರುತ್ತಾರೆ.

ಅವರದು ಒಂದೇ ಧರ್ಮದ ಬಳಗವಾದ್ದರಿಂದ ಪ್ರಾರ್ಥನೆಯೇ ಎಲ್ಲರನ್ನೂ ಕೂಡಿಸುತ್ತದೆ. ತಮ್ಮ ಶಿಬಿರದಲ್ಲಿ ಆ ಕೆಲಸವನ್ನು ಅಡುಗೆಮನೆಗೆ ಒಪ್ಪಿಸಿರಿ. ಬೀದರಿನ ನಾನಕ್ ಝೀರಾ ಗುರುದ್ವಾರದ ಲಂಗರ್, ಕಲಬುರಗಿಯ ಶರಣಬಸವೇಶ್ವರರ ದಾಸೋಹ ಕಂಡವರಿಗೆ ಪಂಕ್ತಿಯ ಬಲವನ್ನು ವಿವರಿಸಬೇಕಿಲ್ಲ. ಕೂಡುವ ಜಾಗ ಬದಲಿಸಿರೆಂದು ಆಜ್ಞೆ ಮಾಡುವುದಕ್ಕಿಂತ, ರೊಟ್ಟಿ ಬಡಿಯುವ, ಪಲ್ಯ ಹೆಚ್ಚುವ, ಬಡಿಸುವ ಸರದಿಯನ್ನು ಬೇರೆ ಬೇರೆ ಮನೆಮಾತಿನವರನ್ನು ಬೆರೆಸಿ ಹಂಚುವುದು ಒಳ್ಳೆಯದು, ಏಕೆಂದರೆ ಬಡಿಸಿದವರು ಕೊನೆಯ ಪಂಕ್ತಿಯಲ್ಲಿ ಜೊತೆಯಾಗಿಯೇ ಉಣ್ಣುತ್ತಾರೆ.

ಇನ್ನೊಂದು ಕೆಲಸವನ್ನು ತಾವು ಅಗತ್ಯವಾಗಿ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. 1956ರವರೆಗೆ ನಮ್ಮ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮರ ಕಾಲದ ಆಡಳಿತ ಭಾಷೆ ಉರ್ದು. ಆದ್ದರಿಂದ ಕನ್ನಡ, ಮರಾಠಿ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿಯೂ ಉರ್ದುವಿನ ಹೊಲದ ಕಾಗದಪತ್ರಗಳಿವೆ. ಅಜ್ಜ ಸರಾಗವಾಗಿ ಓದುತ್ತಿದ್ದ ಆ ಅಕ್ಷರ ಮೊಮ್ಮಗನಿಗೆ ಬಾರದು, ಆದರೆ ಪಕ್ಕದ ಸಾಲಿನಲ್ಲಿ ಉಣ್ಣುವ ಉರ್ದು ಮನೆಯ ಸಹಪಾಠಿಗೆ ಬರುತ್ತದೆ. ಅಂಥ ಕಾಗದದ ಒಂದೊಂದು ನಕಲನ್ನು ಶಿಬಿರಕ್ಕೆ ತರಲು ಮಕ್ಕಳಿಗೆ ಹೇಳಿರಿ, ಮೊದಲ ರಾತ್ರಿಯೇ ಓದಿಸಿರಿ.