ಸಂಘಕ್ಕೆ ಸಂಶೋಧಕರು ಬಂದರೆ ಒಪ್ಪಬಹುದೇ?

ಪ್ರಶ್ನೆ: ನನ್ನ ಮಗನಿಗೆ ಆಟಿಸಂ. ಕಲಬುರಗಿಯಲ್ಲಿ ಇಂಥ ಮಕ್ಕಳ ತಂದೆ-ತಾಯಂದಿರು ಮೂವತ್ತೈದು ಜನ ಸಂಘ ಮಾಡಿಕೊಂಡಿದ್ದೇವೆ. ಮಗುವಿನ ತೊಂದರೆ ಹೊಸದಾಗಿ ಗೊತ್ತಾದ ಮನೆಯವರಿಗೆ ನಮ್ಮಲ್ಲೇ ಒಬ್ಬರು ಜೊತೆಯಾಗುತ್ತಾರೆ. ಫೋನ್ ಮಾಡುತ್ತಾರೆ, ಆಸ್ಪತ್ರೆಗೂ ಹೋಗುತ್ತಾರೆ. ಈಗ ಒಂದು ಸಂಶೋಧಕರ ತಂಡ ನಮ್ಮೊಂದಿಗೆ ಸೇರಿ ಇದರ ಅಧ್ಯಯನ ಮಾಡುತ್ತದಂತೆ. ಹೊಸಬರಲ್ಲಿ ಚೀಟಿ ಎತ್ತಿ ಅರ್ಧ ಜನಕ್ಕೆ ಈಗ, ಉಳಿದವರಿಗೆ ಆಮೇಲೆ ಜೊತೆಗಾರರನ್ನು ಕೊಡುವುದಂತೆ. ಮೀಟಿಂಗಿನಲ್ಲಿ ಕೂತು ಬರೆದುಕೊಳ್ಳುತ್ತಾರಂತೆ. ಕೆಲವು ತಾಯಂದಿರು ಹೆದರಿದ್ದಾರೆ. ಏನು ಮಾಡೋಣ?
– ಒಬ್ಬ ತಾಯಿ, ಕಲಬುರಗಿ

ಉತ್ತರ: ಅಕ್ಕಾವರೇ, ಒಪ್ಪಿಕೊಳ್ಳಿ. ಆದರೆ ಈಗಲೇ ಸಹಿ ಹಾಕಬೇಡಿ.

ಮೊದಲು ಚೀಟಿ ವಿಷಯ. ಕೇಳಿದ ಕೂಡಲೇ ಸಿಟ್ಟು ಬರುತ್ತದೆ, ನಿಜ. ಅಳುತ್ತಾ ಬಂದ ತಾಯಿಗೆ ‘ನಿನ್ನ ಚೀಟಿ ಬಂದಿಲ್ಲ, ಕಾಯಿ’ ಅಂತ ಹೇಳುವುದು ಹೇಗೆ? ಆದರೆ ಅದಕ್ಕೊಂದು ಕಾರಣ ಇದೆ. ಎರಡು ತಿಂಗಳು ಕಳೆದರೆ ಎಷ್ಟೋ ಜನ ತಾವಾಗಿಯೇ ಸ್ವಲ್ಪ ಸುಧಾರಿಸಿಕೊಳ್ಳುತ್ತಾರೆ. ಅದು ನಿಮ್ಮ ಮಾತಿನಿಂದಲೋ, ದಿನ ಕಳೆದಿದ್ದರಿಂದಲೋ ಗೊತ್ತಾಗಬೇಕಲ್ವಾ? ಇನ್ನೊಂದು, ತಾವೇ ಹುಡುಕಿಕೊಂಡು ಬರುವವರಿಗೆ ಮೊದಲೇ ಒಂದಿಷ್ಟು ಧೈರ್ಯ ಇರುತ್ತದೆ. ಅವರನ್ನಷ್ಟೇ ನೋಡಿದರೆ ಲೆಕ್ಕ ತಪ್ಪುತ್ತದೆ. ಚೀಟಿ ಎತ್ತಿದರೆ ಎರಡೂ ಗುಂಪಿನಲ್ಲಿ ಎಲ್ಲ ಥರದವರೂ ಇರುತ್ತಾರೆ, ಆಗ ಜೊತೆಗಾರರು ಸಿಕ್ಕವರನ್ನೂ ಕಾಯುವವರನ್ನೂ ಹೋಲಿಸಿ ನೋಡಬಹುದು.

ಅಮೆರಿಕದ ಒಮಾಹಾ ಊರಲ್ಲಿ 1971ರಲ್ಲೇ ಹೀಗೆ ಪೋಷಕರಿಗೆ ಪೋಷಕರೇ ಜೊತೆಯಾಗುವ ಕೆಲಸ ಶುರುವಾಯಿತು. ಅಂಥ ಸಂಘಗಳ ಮೇಲೆ ಅಲ್ಲಿನ ಐದು ರಾಜ್ಯಗಳಲ್ಲಿ ನಡೆದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ತಂಡದಲ್ಲಿ ಪೋಷಕರೂ ಸಂಶೋಧಕರೂ ಒಟ್ಟಿಗೆ ಇದ್ದರು. ಕಾಯುವ ಗುಂಪಿನವರು ಎಂಟು ವಾರ ಕಾದು, ಆಮೇಲೆ ಜೊತೆಗಾರರನ್ನು ಪಡೆದರು. ಶೇ 80ಕ್ಕಿಂತ ಜಾಸ್ತಿ ಪೋಷಕರು ಉಪಯೋಗವಾಯಿತು ಎಂದರು. ನೀವೂ ಕಾಯುವ ದಿನಕ್ಕೆ ಗಡಿ ಹಾಕಿಸಿ. ತೀರಾ ಕುಸಿದು ಹೋದವರು ಬಂದರೆ ಚೀಟಿ ಗೀಟಿ ಇಲ್ಲ, ಅವತ್ತೇ ಜೊತೆಗಾರರು ಸಿಗಬೇಕು. ಇದನ್ನು ಮಾತಿನಲ್ಲಿ ಬಿಡಬೇಡಿ, ಬರೆಸಿಕೊಳ್ಳಿ.

ಮೀಟಿಂಗಿನಲ್ಲಿ ಕೂತು ಬರೆದುಕೊಳ್ಳುವುದು ಮಾತ್ರ ಬೇಡ. ಅತ್ತೆಯ ಚುಚ್ಚುಮಾತು, ಗಂಡನ ಕುಡಿತ, ‘ತಂಗಿ ಮದುವೆ ಆಗೋವರೆಗೂ ಯಾರಿಗೂ ಹೇಳಬೇಡ’ ಎಂಬ ತವರಿನ ತಾಕೀತು, ಎಲ್ಲ ಅಲ್ಲೇ ತಾನೆ ಹೊರಬೀಳುವುದು? ಪೆನ್ನು ಕಂಡರೆ ಆ ಬಾಯಿ ಮುಚ್ಚುತ್ತದೆ. ಹೆಸರು ಬರೆಯುವುದಿಲ್ಲ ಅಂದರೂ ಸಾಲದು. ‘ಬ್ರಹ್ಮಪುರದ ಅವಳಿ ಮಕ್ಕಳ ತಾಯಿ’ ಅಂದರೆ ಸಾಕು, ಅರ್ಧ ಊರಿಗೆ ಗೊತ್ತಾಗುತ್ತದೆ. ಬೇಕಾದರೆ ಒಪ್ಪಿದವರನ್ನು ಬೇರೆ ದಿನ ಒಬ್ಬೊಬ್ಬರಾಗಿ ಮಾತಾಡಿಸಲಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ನೈತಿಕ ಸಮಿತಿಯ, ಅಂದರೆ ಅಧ್ಯಯನದಲ್ಲಿ ಸೇರುವವರಿಗೆ ತೊಂದರೆ ಆಗದಂತೆ ನೋಡಿಕೊಳ್ಳುವ ಸಮಿತಿಯ, ಒಪ್ಪಿಗೆ ಬೇಕೇ ಬೇಕು, ಆ ಪತ್ರ ಕೇಳಿ. ವಿವರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಓದು ಬಾರದವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ತಂಡಕ್ಕೆ ಸಂಬಂಧವಿಲ್ಲದ ಸಾಕ್ಷಿ ಇರಬೇಕು. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು. ಬಸ್ ಚಾರ್ಜು, ಕಳೆದುಹೋದ ಕೂಲಿ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಜೊತೆಗಾರರಾಗುವ ತಾಯಂದಿರಿಗೆ ಸಂಭಾವನೆ ಇದೆಯಾ ಅಂತಲೂ ಕೇಳಿ. ಸಂಶೋಧಕರಿಗೆ ಸಂಬಳ, ಇವರಿಗೆ ಮಾತ್ರ ‘ಸೇವೆ’ ಎಂಬ ಹೊಗಳಿಕೆ – ಇದು ನನಗೆ ಮೊದಲಿನಿಂದಲೂ ಹಿಡಿಸದ ಮಾತು. ತೊಗರಿ ಕೊಯ್ಲಿನ ಡಿಸೆಂಬರ್-ಜನವರಿಯಲ್ಲಿ ಹಳ್ಳಿಯ ಮನೆಯವರಿಗೆ ಪುರುಸೊತ್ತಿರುವುದಿಲ್ಲ. ಯಾದಗಿರಿ ಕಡೆಯವರಿದ್ದರೆ ಗುಳೆ ಹೋಗುವ ತಿಂಗಳುಗಳನ್ನೂ ನೋಡಿಕೊಳ್ಳಿ. ಈ ಲೆಕ್ಕ ನಿಮಗೆ ಗೊತ್ತು, ಅವರಿಗೆ ಗೊತ್ತಿರಲಿಕ್ಕಿಲ್ಲ.

ಕೊನೆಗೆ ಪ್ರಶ್ನಾವಳಿ. ಹಿಂದೊಮ್ಮೆ ನಾನೇ ಒಬ್ಬ ತಾಯಿಗೆ ‘ನಿಮಗೆ ಮಾನಸಿಕ ಒತ್ತಡ ಎಷ್ಟಿದೆ’ ಎಂದು ಓದಿ ಹೇಳಿದ್ದೆ. ಆಕೆ ಸುಮ್ನೆ ನನ್ನ ಮುಖ ನೋಡಿದಳು. ಆಮೇಲೆ, ‘ಎದಿ ಮ್ಯಾಲ ಕಲ್ಲು ಇಟ್ಟಂಗ ಆಗ್ತದೇನು ಅಂತ ಕೇಳ್ರಿ, ಹೇಳ್ತೀನಿ’ ಅಂದಳು. ಆ ಸಾಲನ್ನೇ ಹಾಳೆಗೆ ಸೇರಿಸಿದೆವು. ಅವರ ಹಾಳೆಯನ್ನು ಮೊದಲೇ ತರಿಸಿ, ಮುಂದಿನ ಭಾನುವಾರ ಜೋರಾಗಿ ಓದಿ. ದಖನಿ ಉರ್ದು ಮಾತಾಡುವವರು, ತಾಂಡಾದವರು ಇದ್ದರೆ ಅವರ ಮಾತಲ್ಲೂ ಆಗಬೇಕು. ತಾಯಂದಿರು ಎಲ್ಲಿ ಮುಖ ಮುಖ ನೋಡಿಕೊಳ್ಳುತ್ತಾರೋ ಅಲ್ಲಿ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. ಆ ಗೆರೆಗಳನ್ನು ತಿದ್ದಲು ತಂಡ ಒಪ್ಪಿದರೆ ಸಹಿ ಹಾಕಬಹುದು.