ಚಿಕ್ಕಂದಿನಿಂದ ಇನ್ಸುಲಿನ್ ತಗೊಂಡು ಬೆಳೆದೋರ ಜೀವನ ಮುಂದೆ ಹೇಗಿರುತ್ತೆ? ಊರೋರಿಗೆ ಹೇಳ್ಬೇಕಾ?

ನಿಮ್ಮ ಮಗಳಿಗೆ 9 ವರ್ಷ, ಟೈಪ್ 1 ಡಯಾಬಿಟಿಸ್ (ಸಕ್ಕರೆ ಕಾಯಿಲೆ) ಅಂತ ಈಗ ಗೊತ್ತಾಗಿದೆ, ಓದು ಮದುವೆ ಮಕ್ಕಳು ಎಲ್ಲ ಆಗುತ್ತಾ, ನೆಂಟ್ರಿಗೆ ಊರೋರಿಗೆ ಹೇಳೋದಾ ಮುಚ್ಚಿಡೋದಾ ಅಂತ ಕೇಳಿದ್ದೀರ. ಎಲ್ಲ ಆಗುತ್ತೆ ಸರ್. ಮುಚ್ಚಿಡಬೇಡಿ.

ನಂದು ಆಲೂರು ಕಡೆ ಹಳ್ಳಿ, ಈಗ ಇರೋದು ಹಾಸನ ಟೌನಲ್ಲಿ. 1993ರಲ್ಲಿ ಪ್ರೈಮರಿ ಸ್ಕೂಲಲ್ಲಿದ್ದಾಗ ಶುರುವಾಗಿದ್ದು, ಎಲ್ಲರದ್ದೂ ಅದೇ ಕಥೆ ಬಿಡಿ, ಬಾಯಾರಿಕೆ, ರಾತ್ರಿ ಎದ್ದೆದ್ದು ಉಚ್ಚೆ, ಎಷ್ಟು ತಿಂದ್ರೂ ಮೈ ಇಳೀತಾ ಹೋಗೋದು. ಮಗು ಸ್ವೀಟ್ ಜಾಸ್ತಿ ತಿಂದಿದ್ದಕ್ಕೆ ಬಂತು ಅಂತ ನಿಮ್ಮನೇಲೂ ಯಾರಾದ್ರೂ ಅಂದೇ ಅಂದಿರ್ತಾರೆ, ಅದು ಸುಳ್ಳು. ಪ್ಯಾಂಕ್ರಿಯಾಸಲ್ಲಿ (ಮೇದೋಜೀರಕ ಗ್ರಂಥೀಲಿ) ರಕ್ತದ ಶುಗರ್ ಇಳಿಸೋ ಇನ್ಸುಲಿನ್ ಮಾಡೋ ಬೀಟಾ ಸೆಲ್‌ಗಳನ್ನ ನಮ್ಮ ದೇಹದ ರೋಗನಿರೋಧಕ ಶಕ್ತಿನೇ ಹಾಳು ಮಾಡಿಬಿಡುತ್ತೆ, ಮಗುದೂ ತಪ್ಪಿಲ್ಲ ತಾಯಿದೂ ತಪ್ಪಿಲ್ಲ.

ಆಗ ನಮ್ಮನೇಲಿ ರಕ್ತದ ಶುಗರ್ ನೋಡೋ ಗ್ಲುಕೋಮೀಟರ್ ಎಲ್ಲಿ ಬರ್ಬೇಕು. ನಮ್ಮವ್ವ ಬೆಳಿಗ್ಗೆ ಎದ್ದು ಟೆಸ್ಟ್ ಟ್ಯೂಬಿಗೆ ಬೆನೆಡಿಕ್ಟ್ ದ್ರಾವಣ 5 ಎಂಎಲ್ ಹಾಕಿ, ಅದಕ್ಕೆ ನನ್ನ ಉಚ್ಚೆ 8 ಹನಿ ಬಿಟ್ಟು, ಮರದ ಕ್ಲಿಪ್ಪಲ್ಲಿ ಹಿಡ್ಕೊಂಡು ಸ್ಪಿರಿಟ್ ದೀಪದ ಮೇಲೆ ಕಾಯಿಸೋಳು. ನೀಲಿ ಹಂಗೇ ಇದ್ರೆ ಶುಗರ್ ಇಲ್ಲ, ಹಸಿರು ಅಂದ್ರೆ ಸ್ವಲ್ಪ, ಹಳದಿ, ಕಿತ್ತಳೆ, ಆಮೇಲೆ ಇಟ್ಟಿಗೆ ಕೆಂಪು. ಇಟ್ಟಿಗೆ ಬಣ್ಣ ಬಂದ ದಿನ ಅವ್ವ ಮಾತೇ ಆಡ್ತಿರಲಿಲ್ಲ. ಅದರ ತೊಂದ್ರೆ ಏನಂದ್ರೆ ರಕ್ತದಲ್ಲಿ ಶುಗರ್ ಸುಮಾರು 180 ದಾಟಿದ್ರೆ ಮಾತ್ರ ಉಚ್ಚೇಲಿ ಕಾಣ್ಸೋದು, ಅದೂ ಕೆಲವು ಗಂಟೆ ಹಿಂದಿನ ಲೆಕ್ಕ, ಲೋ ಆಗಿದ್ರೆ ಗೊತ್ತೇ ಆಗಲ್ಲ. ನಿಮ್ಮ ಮಗಳಿಗೆ ಬೆರಳು ಚುಚ್ಚಿದ್ರೆ ಐದಾರು ಸೆಕೆಂಡಲ್ಲಿ ನಂಬರ್ ಬರುತ್ತೆ, ದುಡ್ಡಿದ್ದೋರು ತೋಳಿಗೆ ಸೆನ್ಸರ್ ಅಂಟಿಸ್ಕೋತಾರೆ. ಮೀಟರಿಗೆ ಹಾಕೋ ಸ್ಟ್ರಿಪ್ ದುಬಾರಿ, ಒಪ್ತೀನಿ, ಆದ್ರೂ ಬೇರೆ ಎಲ್ಲಾದ್ರೂ ಉಳಿಸಿ, ಸ್ಟ್ರಿಪ್ಪಲ್ಲಿ ಬೇಡ.

ನಮ್ಮ ಅಜ್ಜಿ ಸೂಜಿ ಅಭ್ಯಾಸ ಆಗ್ಬಿಡುತ್ತೆ, ಬಿಡಿಸಿ ಅಂತ ಹಠ. ಇನ್ಸುಲಿನ್ನನ್ನ ಮೊದಲು ಮನುಷ್ಯರಿಗೆ ಕೊಟ್ಟಿದ್ದು 1922ರಲ್ಲಿ, ಟೊರಾಂಟೋದಲ್ಲಿ, ಲಿಯೊನಾರ್ಡ್ ಥಾಂಪ್ಸನ್ ಅನ್ನೋ 14 ವರ್ಷದ ಹುಡುಗನಿಗೆ. ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಉಳೀತಾನೇ ಇರಲಿಲ್ಲ. ಇಷ್ಟು ಗೊತ್ತಿದ್ರೆ ಬಿಡಿಸೋ ಮಾತು ಯಾರೂ ಆಡಲ್ಲ. ಹಾಗೇ ಇನ್ಸುಲಿನ್ ಗಿಡ, ಹಾಸನದಲ್ಲಿ ಅರ್ಧ ಮನೆಗಳ ಕಾಂಪೌಂಡಲ್ಲಿ ಇರುತ್ತೆ, ಎಲೆ ಹುಳಿಹುಳಿ, ದಿನಾ ಎರಡು ಅಗಿ ಮಗಾ ಅಂತ ಪಕ್ಕದ್ಮನೆಯೋರು ಪ್ರೀತಿಯಿಂದಾನೇ ತಂದ್ಕೊಡ್ತಾರೆ. ಆ ಎಲೇಲಿ ಇನ್ಸುಲಿನ್ ಇಲ್ಲ. ಇದ್ದಿದ್ರೂ ಅದು ಪ್ರೋಟೀನು, ಹೊಟ್ಟೆಗೆ ಹೋದ್ರೆ ಜೀರ್ಣ ಆಗೋಗುತ್ತೆ, ಅದಕ್ಕೇ ಅಲ್ವಾ ನಾವು ಚುಚ್ಕೊಳ್ಳೋದು. ಹಾಗಲಕಾಯಿ ಜ್ಯೂಸು, ನೇರಳೆ ಬೀಜದ ಪುಡಿ ಎಲ್ಲದಕ್ಕೂ ಇದೇ ಮಾತು. ಇಂಜೆಕ್ಷನ್ ನಿಲ್ಲಿಸಿ ಇದನ್ನ ಕೊಡಿ ಅಂದೋರ ಮನೆಗೆ ಹೋಗೋದೇ ಬಿಟ್ಬಿಡಿ.

ಜ್ವರ ಬಂದು ವಾಂತಿ ಆಗ್ತಿದ್ದಾಗ "ಊಟಾನೇ ಸೇರಿಲ್ಲ, ಇವತ್ತು ಸೂಜಿ ಬೇಡ" ಅಂತ ಮನೆಯೋರಿಗೆ ಅನ್ಸುತ್ತೆ. ಅದೇ ಅಪಾಯ. ಹುಷಾರಿಲ್ಲದಾಗ ಶುಗರ್ ಇನ್ನೂ ಏರುತ್ತೆ, ಇನ್ಸುಲಿನ್ ಇಲ್ಲ ಅಂದ್ರೆ ದೇಹ ಕೊಬ್ಬು ಕರಗಿಸಿ ಕೀಟೋನ್ ಅನ್ನೋ ಆಮ್ಲ ರಕ್ತದಲ್ಲಿ ತುಂಬ್ಕೊಳ್ಳುತ್ತೆ, ಹೊಟ್ಟೆನೋವು, ವಾಂತಿ, ಏದುಸಿರು, ಬಾಯಲ್ಲಿ ಹಣ್ಣಿನ ಥರ ವಾಸನೆ, ಹಂಗಿದ್ರೆ ಬೆಳಿಗ್ಗೆ ನೋಡೋಣ ಅನ್ನದೆ ರಾತ್ರಿನೇ ಆಸ್ಪತ್ರೆಗೆ ಹೊರಡಿ. ಡೋಸ್ ಹೆಚ್ಚು ಕಮ್ಮಿ ಮಾಡೋದು ಡಾಕ್ಟರ್ ಹತ್ರ ಫೋನಲ್ಲಿ ಕೇಳಿ, ದಿನಕ್ಕೊಂದ್ಸಲ ಹಾಕೋ, ನಿಧಾನವಾಗಿ ಕೆಲ್ಸ ಮಾಡೋ ಇನ್ಸುಲಿನ್ನನ್ನಂತೂ ಪೂರ್ತಿ ನಿಲ್ಲಿಸೋ ಹಾಗೇ ಇಲ್ಲ.

ಇನ್ನೊಂದು ಸಿರಿಂಜು. ಮೆಡಿಕಲ್ಲಲ್ಲಿ ಸಿಗೋ ಇನ್ಸುಲಿನ್ ವಯಲ್ (ಬಾಟ್ಲಿ) ಜಾಸ್ತಿ ಒಂದು ಎಂಎಲ್‌ಗೆ 40 ಯೂನಿಟ್‌ದು, ಇನ್ಸುಲಿನ್ ಪೆನ್ನಿಗೆ ಹಾಕೋದು 100ರದ್ದು. ಕೆಂಪು ಕ್ಯಾಪ್ ಸಿರಿಂಜು 40ಕ್ಕೆ, ಕಿತ್ತಳೆ ಕ್ಯಾಪ್ 100ಕ್ಕೆ. 100ರ ಔಷಧಿನ ಕೆಂಪು ಕ್ಯಾಪಿನ ಸಿರಿಂಜಲ್ಲಿ ಎಳೆದ್ರೆ ಎರಡೂವರೆ ಪಟ್ಟು ಒಳಗೆ ಹೋಗುತ್ತೆ. ಅಂಗಡಿ ಹುಡುಗ ಎರಡೂ ಒಂದೇ ಅಂತ ಕೊಡ್ತಾನೆ, ನೀವು ನೋಡಿ ತಗೋಬೇಕು. ಮಲೆನಾಡು ಕಡೆ ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಇರಲ್ಲ, ಅದಕ್ಕೆ ಗಾಬರಿ ಬೇಡ, ಬಳಸ್ತಿರೋ ವಯಲ್ ತಂಪಾದ ಜಾಗದಲ್ಲಿ ಸುಮಾರು ನಾಲ್ಕು ವಾರ ಇರುತ್ತೆ, ನಾವು ಒದ್ದೆ ಮರಳಿಟ್ಟ ಮಡಕೇಲಿ ಕವರ್ ಕಟ್ಟಿ ಇಡ್ತಿದ್ವಿ. ಫ್ರೀಜರಲ್ಲಿ ಮಾತ್ರ ಇಡಬೇಡಿ, ಹೆಪ್ಪುಗಟ್ಟಿದ್ರೆ ಎಸೀಬೇಕು.

ಊಟದ ವಿಷಯ, ಮುದ್ದೆ ತಿಂದ್ರೆ ಶುಗರ್ ಬರಲ್ಲ ಅಂತ ನಮ್ಮ ಕಡೆ ಒಂದು ನಂಬಿಕೆ, ಬರುತ್ತೆ ಕಣ್ರೀ, ರಾಗಿನೂ ಪಿಷ್ಟನೇ. ಮುದ್ದೆ, ಅಕ್ಕಿರೊಟ್ಟಿ, ಕಡುಬು ಎಲ್ಲಾನೂ ತಿಂತೀನಿ, ಅಳತೆ ಗೊತ್ತಿರ್ಬೇಕು ಅಷ್ಟೆ, ನಮ್ಮನೆ ಮುದ್ದೆ ಸೈಜಿಗೆ ಎಷ್ಟು ಯೂನಿಟ್ ಅಂತ ನನ್ನ ಗಂಡಂಗೂ ಬಾಯಿಪಾಠ.

ಈಗ ಮುಚ್ಚಿಡೋ ವಿಷಯ. ಒಂದು ದೀಪಾವಳೀಲಿ ಹಾಸನಾಂಬೆ ದರ್ಶನಕ್ಕೆ ಕ್ಯೂ ನಿಂತಿದ್ವಿ, ಅಮ್ಮನ ಬಾಗಿಲು ತೆಗೆಯೋದು ವರ್ಷಕ್ಕೊಂದ್ಸಲ, ಕ್ಯೂ ಗಂಟೆಗಟ್ಟಲೆ, ಮುಂದೂ ಹೋಗಂಗಿಲ್ಲ ಹಿಂದೂ ಬರಂಗಿಲ್ಲ. ನಂಗೆ ಶುಗರ್ ಲೋ ಆಗಿ ಕೈ ನಡುಗಿ ಬೆವರು ಕಿತ್ಕೊಂಡು ಬಂತು, ಕೇಳಿದ್ದಕ್ಕೆ ಏನೋ ಅಸಂಬದ್ಧ ಉತ್ತರ ಕೊಡ್ತಿದ್ನಂತೆ. ಹಿಂದಿದ್ದ ಹೆಂಗಸರು ಮೈಮೇಲೆ ಬಂದಿರ್ಬೇಕು ಅಂತ ಕೈ ಮುಗಿದ್ರಂತೆ! ನಮ್ಮ ನಾದಿನಿಗೆ ಗೊತ್ತಿದ್ದಕ್ಕೆ ಬ್ಯಾಗಿಂದ ಫ್ರೂಟಿ ತೆಗೆದು ಬಾಯಿಗೆ ಹಿಡಿದ್ಲು, ಕಾಲು ಗಂಟೇಲಿ ಸರಿ ಹೋದೆ, ದರ್ಶನಾನೂ ಆಯ್ತು. ಅವಳಿಗೆ ಗೊತ್ತಿಲ್ಲದೇ ಇದ್ದಿದ್ರೆ ಕುಂಕುಮ ಹಚ್ಚಿ ಕೂರಿಸ್ತಿದ್ರು. ಶುಗರ್ 70ಕ್ಕಿಂತ ಕೆಳಗೆ ಬಂದ್ರೆ ಮೂರು ಚಮಚ ಸಕ್ಕರೆ ಇಲ್ಲಾ ಗ್ಲೂಕೋಸ್ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ, ಪ್ರಜ್ಞೆ ಇಲ್ಲ ಅಂದ್ರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ. ಇಷ್ಟನ್ನ ಮನೆಯೋರು, ಟೀಚರು, ಪಕ್ಕ ಕೂರೋ ಫ್ರೆಂಡು ಎಲ್ಲರೂ ಕಲ್ತಿರ್ಬೇಕು.

ಮದುವೆಗೆ ಎರಡು ಮೂರು ಸಂಬಂಧ ಇದಕ್ಕೇ ವಾಪಸ್ ಹೋದ್ವು, ಸುಳ್ಳು ಹೇಳಲ್ಲ. ಅವ್ವ ಅತ್ತಿದ್ಲು, ನಂಗೆ ಒಳಗೊಳಗೇ ಸಮಾಧಾನ, ಮುಚ್ಚಿಟ್ಟು ಮದುವೆಯಾಗಿ ಬಾತ್‌ರೂಮಲ್ಲಿ ಕದ್ದು ಸೂಜಿ ಹಾಕ್ಕೊಳ್ಳೋ ಬಾಳು ಯಾರಿಗೆ ಬೇಕು. ಮಗ ಆಗೋಕೆ ಮುಂಚೆನೇ ಡಾಕ್ಟರ್ ಹತ್ರ ಹೇಳಿ, ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ ಇಳಿಸ್ಕೊಂಡಿದ್ದೆ, ಬಸುರಿ ಇದ್ದಾಗ ಕೊನೆಕೊನೆಗೆ ಇನ್ಸುಲಿನ್ ಸಿಕ್ಕಾಪಟ್ಟೆ ಜಾಸ್ತಿ ಬೇಕಾಯ್ತು, ಹೆರಿಗೆ ಆದ ತಕ್ಷಣ ಸರ್ರನೆ ಇಳೀತು. ಅವನಿಗೆ ಶುಗರ್ ಇಲ್ಲ.

ನಿಮ್ಮ ಮಗಳಿಗೆ ಈಗಿಂದಾನೇ ಚುಚ್ಚೋ ಜಾಗ ಬದಲಾಯಿಸೋದು ಕಲಿಸಿ, ಒಂದೇ ಕಡೆ ಹಾಕಿದ್ರೆ ಗಂಟಾಗುತ್ತೆ, ಅಲ್ಲಿ ಔಷಧಿ ಸರಿಯಾಗಿ ಹೀರಲ್ಲ. ಕಾಯಿಲೆ ಬಂದು ಐದು ವರ್ಷ ಆದ್ಮೇಲೆ ವರ್ಷಕ್ಕೊಂದ್ಸಲ ಕಣ್ಣು, ಕಿಡ್ನಿ ಟೆಸ್ಟ್ ತಪ್ಪಿಸಬೇಡಿ. ಸ್ಕೂಲಲ್ಲಿ ಪಿಟಿ ಬಿಡಿಸೋಕೆ ಹೋಗ್ಬೇಡಿ, ವಾಸಿಂ ಅಕ್ರಂಗೆ 1997ರಲ್ಲಿ ಡಯಾಬಿಟಿಸ್ ಗೊತ್ತಾಗಿ ಇನ್ಸುಲಿನ್ ತಗೊಳ್ತಾನೇ 1999ರ ವಿಶ್ವಕಪ್ ಫೈನಲ್ ತನಕ ಟೀಮ್ ಕರ್ಕೊಂಡ್ ಬಂದ. ಹೆಡ್‌ಮಾಸ್ಟ್ರನ್ನ ನೋಡಿ, ಬಿಸಿಯೂಟಕ್ಕೆ ಮುಂಚೆ ಸೂಜಿ ಹಾಕ್ಕೊಳ್ಳೋಕೆ ಒಂದು ಜಾಗ, ಕ್ಲಾಸ್ ಮಧ್ಯೆ ತಿನ್ನೋಕೆ ಪರ್ಮಿಷನ್, ಟೀಚರ್ ಟೇಬಲ್ಲಲ್ಲಿ ಒಂದು ಗ್ಲೂಕೋಸ್ ಪ್ಯಾಕೆಟ್, ಇದಿಷ್ಟು ಕೇಳಿ ಬನ್ನಿ.